ಸೇವೆಗೆಂದು ಪರದೇಶಕ್ಕೆ

ವಿದ್ಯಾರ್ಜನೆಗಾಗಿ ಮಕ್ಕಳನ್ನು ಪರದೇಶಗಳಿಗೆ ಕಳುಹಿಸುವುದು ನಮ್ಮ ನಾಡಿನ ಗೃಹಸ್ಥರಿಗೆ ಹೊಸ ಸಂಗತಿಯೇನೂ ಅಲ್ಲ. ನಮ್ಮ ಹಿರಿಯರ ಕಾಲದಲ್ಲಿ ಸಮುದ್ರವನ್ನು ದಾಟಿದವರು ಸಾಮಾನ್ಯವಾಗಿ ಎರಡು ಉದ್ದೇಶಗಳಲ್ಲಿ ಒಂದನ್ನು ಇಟ್ಟುಕೊಂಡು ದಾಟುತ್ತಿದ್ದರು. ಒಂದು ಪದವಿ, ಇನ್ನೊಂದು ಉದ್ಯೋಗ. ಈಚಿನ ವರ್ಷಗಳಲ್ಲಿ ಮೂರನೆಯ ಬಗೆಯ ಯಾತ್ರೆಯೊಂದು ಬಳಕೆಗೆ ಬಂದಿದೆ. ಕಾಲೇಜಿನಲ್ಲಿ ಓದುತ್ತಿರುವ ಹುಡುಗನೋ ಹುಡುಗಿಯೋ ರಜೆಯ ಕಾಲದಲ್ಲಿ ಪರದೇಶಕ್ಕೆ ಹೋಗಿ, ಅಲ್ಲಿನ ಬಡಜನರ ನಡುವೆ ಕೆಲವು ವಾರ ಸೇವೆಮಾಡಿ, ಆ ಸೇವೆಯಿಂದಲೇ ಪಾಠವನ್ನು ಕಲಿತು ಬರುವುದು ಇದರ ಕ್ರಮ. ಇದನ್ನು ಕಾಲೇಜುಗಳಲ್ಲಿ ಸರ್ವಿಸ್ ಲರ್ನಿಂಗ್ ಎಂದು ಕರೆಯುವರು. ನಾವು ಸೇವಾಶಿಕ್ಷಣವೆಂದು ಕರೆಯೋಣ. ಹೆಸರು ಸೊಗಸಾಗಿದೆ. ಹೆಸರಿನಷ್ಟೇ ಸೊಗಸು ಒಳಗೂ ಇದೆಯೆ ಎಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದು ಈ ತಿಂಗಳು ಲೇಖನಿಯನ್ನು ಹಿಡಿದಿರುವೆವು.

ಈ ವಿಚಾರವು ನಮಗೆ ಪುಸ್ತಕದಿಂದ ಬಂದುದಲ್ಲ. ಹನೂರಿನಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಕೌದಳ್ಳಿಯನ್ನು ಬಹುಮಂದಿ ವಾಚಕರು ಬಸ್ಸಿನ ಕಿಟಕಿಯಿಂದಲಾದರೂ ನೋಡಿರಬಹುದು. ಆ ಊರಿನ ಒಬ್ಬ ಗೃಹಸ್ಥರು ಅರಿಸಿನ, ಮುಸುಕಿನ ಜೋಳಗಳನ್ನು ಬೆಳೆದು ಮರ್ಯಾದೆಯಿಂದ ಬಾಳುತ್ತಿರುವವರು. ಅವರ ಮಗಳು ಮೈಸೂರಿನಲ್ಲಿ ಬಿ.ಎ. ತರಗತಿಯಲ್ಲಿ ಓದುತ್ತಿರುವಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಆಕೆಯೇ ಮೊದಲಿನವಳು. ಸೇವಾಯಾತ್ರೆಗಳನ್ನು ಏರ್ಪಡಿಸುವ ಒಂದು ಸಂಸ್ಥೆಯವರು, ಕಾಂಬೋಡಿಯಾ ದೇಶದ ಅನಾಥಾಲಯವೊಂದರಲ್ಲಿ ಹದಿನೈದು ದಿನ ಮಕ್ಕಳಿಗೆ ಇಂಗ್ಲಿಷು ಕಲಿಸುವ ಕಾರ್ಯಕ್ಕೆ ಆಕೆಯನ್ನು ಆರಿಸಿರುವುದಾಗಿ ಬರೆದಿದ್ದಾರೆ. ಕೊನೆಯಲ್ಲಿ ಪ್ರಮಾಣಪತ್ರ ದೊರೆಯುವುದಂತೆ. ವಿಮಾನದ ವೆಚ್ಚ, ವಸತಿ, ಸಂಸ್ಥೆಯ ಶುಲ್ಕ ಎಲ್ಲವನ್ನೂ ಕೂಡಿದರೆ ಆ ಮನೆಯ ಒಂದು ವರ್ಷದ ಅರಿಸಿನದ ಹಣಕ್ಕೆ ಸಮನಾಗುತ್ತದೆ.

ತಂದೆಯು ಕಾಗದವನ್ನು ನಮ್ಮ ಮುಂದಿಟ್ಟು, “ಮೇಷ್ಟ್ರೇ, ದುಡ್ಡಿನ ಮಾತು ಹಾಗಿರಲಿ. ನಮ್ಮ ಮಗು ಅಲ್ಲಿಗೆ ಹೋದರೆ ಆ ಮಕ್ಕಳಿಗೆ ಏನು ಉಪಯೋಗ? ಅದೊಂದು ನನಗೆ ತಿಳಿಯದು” ಎಂದರು. ಹುಡುಗಿಯಾದರೋ, ನೋಡದೆ ಲೋಕವು ತಿಳಿಯುವುದೆಂತು, ನಮ್ಮ ಊರಿನಿಂದ ಒಬ್ಬರೂ ಹೋಗಕೂಡದೆ ಎಂದು ವಾದಿಸಿದಳು. ತಾಯಿಯು ಒಂದು ಮಾತನ್ನೂ ಆಡಲಿಲ್ಲ. ಆದರೆ ತನ್ನ ಬಳೆಗಳನ್ನು ಗಿರವಿಯಿಡಲು ಆಕೆಯು ಆಗಲೇ ಮನಸ್ಸು ಮಾಡಿದ್ದಳೆಂದು ಆಮೇಲೆ ತಿಳಿಯಿತು. ಮೂವರ ಮನಸ್ಸೂ ಶುದ್ಧವಾದುದು. ಆದಕಾರಣವೇ ಉತ್ತರವನ್ನು ಹಗುರವಾಗಿ ಕೊಡುವಂತಿರಲಿಲ್ಲ.

ಸೇವಾಶಿಕ್ಷಣವೆಂಬ ಈ ಪದ್ಧತಿಯು ಹುಟ್ಟಿದುದು ಅಮೇರಿಕಾ ಸಂಯುಕ್ತಸಂಸ್ಥಾನದಲ್ಲಿ, 1960ರ ದಶಕದಲ್ಲಿ. ತರಗತಿಯೊಳಗಿನ ಪಾಠವನ್ನೂ ಊರಿನೊಳಗಿನ ಕೆಲಸವನ್ನೂ ಬೆಸೆದರೆ ಎರಡಕ್ಕೂ ಬಲ ಬರುವುದೆಂಬುದು ಅದರ ಮೂಲತತ್ತ್ವ. ಇದನ್ನು ಬೆಳೆಸಿದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ ಎಂಬವರು 1979ರಲ್ಲಿ ಮೂರು ನಿಯಮಗಳನ್ನು ಮುಂದಿಟ್ಟರು. ಯಾವ ಸೇವೆ ಬೇಕೆಂಬುದನ್ನು ನಿರ್ಣಯಿಸತಕ್ಕವರು ಸೇವೆಯನ್ನು ಪಡೆಯುವವರು ಎಂಬುದು ಮೊದಲನೆಯದು. ಆ ಸೇವೆಯಿಂದ ಅವರು ತಮ್ಮ ಕಾಲಮೇಲೆ ತಾವು ನಿಲ್ಲಲು ಇನ್ನಷ್ಟು ಶಕ್ತರಾಗಬೇಕೆಂಬುದು ಎರಡನೆಯದು. ಸೇವೆ ಮಾಡುವವನೂ ಅಲ್ಲಿ ವಿದ್ಯಾರ್ಥಿಯೇ, ತಾನು ಕಲಿಯಬೇಕಾದುದೇನೆಂಬುದರಲ್ಲಿ ಅವನ ಮಾತೂ ನಡೆಯಬೇಕು ಎಂಬುದು ಮೂರನೆಯದು. ಈ ಮೂರನ್ನೂ ನೋಡಿದರೆ ಪದ್ಧತಿಯಲ್ಲಿ ದೋಷವಿಲ್ಲವೆಂದು ಒಪ್ಪಲೇಬೇಕು. ದೋಷವು ಹೊಕ್ಕರೆ ಅದು ನಡವಳಿಕೆಯಲ್ಲಿ ಹೊಗುವುದು.

ಸಂಸ್ಕೃತದಲ್ಲಿ ಸೇವೆಗೆ ಶುಶ್ರೂಷೆಯೆಂಬ ಇನ್ನೊಂದು ಹೆಸರುಂಟು. ಈಗ ನಾವು ಆ ಶಬ್ದವನ್ನು ರೋಗಿಗಳ ಉಪಚಾರಕ್ಕೆ ಮಾತ್ರ ಮೀಸಲಿಟ್ಟಿರುವೆವು. ಅದರ ಮೂಲಾರ್ಥವೇ ಬೇರೆ. ಕೇಳು ಎಂಬ ಅರ್ಥದ ಶ್ರು ಧಾತುವಿಗೆ ಇಚ್ಛಾರ್ಥದ ಪ್ರತ್ಯಯ ಸೇರಿ ಆದ ಶಬ್ದವದು. ಕೇಳಬೇಕೆಂಬ ಅಪೇಕ್ಷೆಯೇ ಶುಶ್ರೂಷೆ. ಗುರುವಿನ ಬಳಿಯಲ್ಲಿದ್ದುಕೊಂಡು ಅವನ ಮಾತನ್ನು ಕೇಳಲು ಕಾದಿರುವ ಶಿಷ್ಯನು ನೀರು ತಂದನು, ಸಮಿತ್ತು ತಂದನು. ಹೀಗೆ ಕೇಳುವ ಆಸೆಯೇ ಸೇವೆಯ ಹೆಸರಾಗಿ ನಿಂತಿತು. ಸೇವೆಯನ್ನೂ ಕಲಿಕೆಯನ್ನೂ ಬೆಸೆಯಲು ಅಮೇರಿಕದವರು ಎರಡು ಶಬ್ದಗಳನ್ನು ಜೋಡಿಸಬೇಕಾಯಿತು. ನಮ್ಮ ಪೂರ್ವಿಕರಿಗೆ ಒಂದೇ ಸಾಕಾಗಿತ್ತು. ಇದರಿಂದ ನಾವೇ ಮೇಲೆಂದು ಬೀಗಬೇಕಾಗಿಲ್ಲ. ಶಬ್ದವು ನಮ್ಮಲ್ಲಿದ್ದರೂ ಅರ್ಥವನ್ನು ಮರೆತಿರುವೆವಷ್ಟೆ. ಯಾರಿಗೆ ಸೇವೆಮಾಡಲು ಹೊರಟೆವೋ ಅವರ ಮಾತನ್ನು ಮೊದಲು ಕೇಳಬೇಕೆಂಬ ಈ ಅರ್ಥವನ್ನೇ ಒರೆಗಲ್ಲಾಗಿ ಹಿಡಿದು ಮುಂದಿನ ಸಂಗತಿಗಳನ್ನು ನೋಡೋಣ.

ದೂರಕ್ಕೆ ಹೋಗುವುದೇಕೆ? ಹನೂರು, ಕೊಳ್ಳೇಗಾಲ, ಯಳಂದೂರುಗಳ ಈ ಸೀಮೆಯೇ ಹೊರಗಿನವರ ಸೇವೆಯನ್ನು ಕಂಡ ಸೀಮೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಚಿಕಿತ್ಸೆಯಿಂದ ಆರಂಭವಾದ ಕೆಲಸವು ಶಾಲೆ, ಕೈಕಸಬುಗಳವರೆಗೆ ಹಬ್ಬಿತು. 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ಹೋಗಲಾಡಿಸುವುದಕ್ಕಾಗಿ ಕರುಣಾ ಟ್ರಸ್ಟು ಹುಟ್ಟಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯಕೇಂದ್ರದ ಆಡಳಿತವನ್ನು ಅದು ವಹಿಸಿಕೊಂಡಿತು. ಸುದರ್ಶನರಿಗೆ 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಬಂದವು. ಬೆಂಗಳೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತವರು ಬೆಟ್ಟಕ್ಕೆ ಬಂದು ಹದಿನೈದು ದಿನಕ್ಕೆ ಹಿಂತಿರುಗಲಿಲ್ಲ, ದಶಕಗಳ ಕಾಲ ನಿಂತರು. ಸೋಲಿಗರಲ್ಲಿಯೇ ಈಗ ದಾದಿಯರು, ಉಪಾಧ್ಯಾಯರು, ಡಾಕ್ಟರೇಟು ಪಡೆದವರು ಇರುವರು. ಸಿಗ್ಮನ್ನರ ಎರಡನೆಯ ನಿಯಮಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕಾಗಿಲ್ಲ.

ಅದೇ ಬೆಟ್ಟದ ಇನ್ನೊಂದು ಸಂಗತಿಯು ಕೇಳುವುದರ ಬೆಲೆಯನ್ನು ತೋರಿಸುತ್ತದೆ. ಲಂಟಾನವೆಂಬ ಮುಳ್ಳುಪೊದೆಯನ್ನು ನಮ್ಮ ಸೀಮೆಯ ರೈತರೆಲ್ಲರೂ ಬಲ್ಲರು. ಅದೂ ಪರದೇಶದ ಅತಿಥಿಯೇ. ಅಮೇರಿಕಾ ಖಂಡದ ಉಷ್ಣಪ್ರದೇಶಗಳಿಂದ, 19ನೆಯ ಶತಮಾನದ ಆದಿಯಲ್ಲಿ, ತೋಟಕ್ಕೆ ಅಂದವೆಂದು ಭಾರತಕ್ಕೆ ತಂದದ್ದು. ಬಿಳಿಗಿರಿರಂಗನ ಕಾಡಿನಲ್ಲಿ ಅದು ಮಿತಿಮೀರಿ ಹಬ್ಬಿತು. ಹಬ್ಬಲು ಕಾರಣವೇನೆಂದು ಸಂಶೋಧಕರು ವಿಚಾರಿಸುತ್ತಿದ್ದಾಗ ಸೋಲಿಗ ಹಿರಿಯರು ಕೊಟ್ಟ ಉತ್ತರವಿದು: ಹಿಂದೆ ತಾವು ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳಿಗೆ ಸಣ್ಣ ಬೆಂಕಿಯನ್ನಿಡುತ್ತಿದ್ದೆವು, ಅದಕ್ಕೆ ತರಗುಬೆಂಕಿಯೆಂದು ಹೆಸರು, ಅದು ಮರವನ್ನು ಸುಡದೆ ಕಳೆಯನ್ನು ಸುಡುತ್ತಿತ್ತು, ನೆಲ್ಲಿಯ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬಂದಳಿಕೆಯನ್ನೂ ಅಡಗಿಸುತ್ತಿತ್ತು, 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ನಿಂತಿತು, ಲಂಟಾನ ಬೆಳೆಯಿತು. ಸಂಶೋಧಕರು ಈ ಮಾತನ್ನು ಅಜ್ಞಾನವೆಂದು ತಳ್ಳದೆ ಕಾಡಿನಲ್ಲಿ ಅಳೆದು ನೋಡಿ, ಅದರಲ್ಲಿ ಹುರುಳಿದೆಯೆಂದು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸಿದರು. 2011ರಲ್ಲಿ ಸೋಲಿಗರಿಗೆ ಆ ಕಾಡಿನ ಮೇಲೆ ಸಾಮುದಾಯಿಕ ಹಕ್ಕುಗಳು ದೊರೆತುವು. ಕಾಡಿನವರಿಗೆ ಕಾಡನ್ನು ಕುರಿತು ಪಾಠಹೇಳಲು ಮಾತ್ರ ಬಂದಿದ್ದವರು ಇದನ್ನು ಕಲಿಯುತ್ತಿದ್ದರೆ?

ಕಾಲೇಜಿನ ಹುಡುಗರಿಂದ ಇಂತಹ ಕಾರ್ಯ ಆಗಲಾರದೆಂದು ಯಾರೂ ಭಾವಿಸಬಾರದು. 1984ರಲ್ಲಿ ಮೈಸೂರು ವೈದ್ಯಕಾಲೇಜಿನ ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘವನ್ನು ಕಟ್ಟಿದರು. ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಜೇನುಕುರುಬರ, ಕಾಡುಕುರುಬರ ಹಾಡಿಗಳಿಗೆ ಹೋಗಿ ನೆಲಸಿದರು. ಕೆಂಚನಹಳ್ಳಿಯ ಚಿಕಿತ್ಸಾಲಯ, ಹೊಸಹಳ್ಳಿಯ ಗಿರಿಜನ ಶಾಲೆ, ಸರಗೂರಿನ ಆಸ್ಪತ್ರೆಗಳು ಅದರಿಂದ ಬೆಳೆದುವು. ಕಾಲಕ್ರಮದಲ್ಲಿ ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಬೇಸಗೆಯ ರಜೆಯಲ್ಲಿ ಈ ಸಂಘದ ಬಳಿಗೇ ಕಲಿಯಲು ಬಂದರು. ಸಮುದ್ರದಾಚೆಯ ಮಕ್ಕಳು ನಮ್ಮ ಹಾಡಿಗಳ ದಾರಿಯನ್ನು ಹುಡುಕಿಕೊಂಡು ಬರುತ್ತಿರುವಾಗ, ನಮ್ಮ ಮಕ್ಕಳು ಸೇವೆಗೆಂದು ಸಮುದ್ರವನ್ನು ದಾಟಲು ಹಣ ಕಟ್ಟುತ್ತಿರುವುದು ಸ್ವಲ್ಪ ಯೋಚಿಸತಕ್ಕ ವಿಷಯ. ಆ ಮಕ್ಕಳ ಯಾತ್ರೆಯಲ್ಲಿ ಮೆಚ್ಚತಕ್ಕದ್ದೊಂದಿದೆ: ಅವರು ಬಂದುದು ಸ್ಥಳೀಯರೇ ಕಟ್ಟಿ ನಡೆಸುತ್ತಿದ್ದ ಕೆಲಸದೊಳಕ್ಕೆ, ಬಂದವರು ಹೋದರೂ ಆ ಕೆಲಸ ನಿಲ್ಲುವುದಿಲ್ಲ.

ಹಾಗಾದರೆ ಪರದೇಶದಲ್ಲಿ ಸೇವೆಮಾಡುವುದೇ ತಪ್ಪೆ ಎಂದು ವಾಚಕರು ಕೇಳಬಹುದು. ಸರ್ವಥಾ ಅಲ್ಲ. ಕನ್ನಡ ಮಾತೂ ಮರಾಠಿ ಮಾತೂ ಕೂಡಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸರ ಚರಿತ್ರೆಯನ್ನು ಹಲವರು ಬಲ್ಲರು. ಜಪಾನಿನೊಡನೆ ಯುದ್ಧ ನಡೆದಿದ್ದಾಗ ಚೀನಾದ ಸೇನಾನಿ ಝೂ ದೆ ಎಂಬವರು ವೈದ್ಯರನ್ನು ಕಳುಹಿಸಿಕೊಡಬೇಕೆಂದು ನೆಹರೂ ಅವರನ್ನು ಬೇಡಿಕೊಂಡರು. 1938ರಲ್ಲಿ ಹೋದ ಐವರು ವೈದ್ಯರಲ್ಲಿ ಕೋಟ್ನೀಸರು ಒಬ್ಬರು. ಮುಂಬಯಿಯಲ್ಲಿ ವೈದ್ಯ ಪರೀಕ್ಷೆಯಾಗಿ ಮುಂದಿನ ವ್ಯಾಸಂಗಕ್ಕೆ ಅಣಿಯಾಗುತ್ತಿದ್ದ ಹುಡುಗ. ಅವರು ಚೀನೀ ಭಾಷೆಯನ್ನು ಕಲಿತರು, ಅಲ್ಲಿನವರಿಗೆ ವೈದ್ಯವನ್ನು ಕಲಿಸಿದರು, ಅಲ್ಲಿಯೇ ಮದುವೆಯಾದರು, 1942ರ ಡಿಸೆಂಬರ್ 9ರಂದು ಅಲ್ಲಿಯೇ ಮಡಿದರು. ಆಗ ಅವರಿಗೆ 32 ವರ್ಷ. ಎಲ್ಲರೂ ಕೋಟ್ನೀಸರಾಗಲೆಂದು ನಾವು ಹೇಳುವುದಿಲ್ಲ. ಯಾವ ತಾಯಿತಂದೆಗಳಿಗೂ ಅಂತಹ ಮಾತನ್ನು ಹೇಳಬಾರದು. ಆದರೆ ಆ ಯಾತ್ರೆಯಲ್ಲಿದ್ದ ಮೂರು ಅಂಗಗಳನ್ನು ಗಮನಿಸಬೇಕು: ಕರೆ ಬಂದುದು ಅಲ್ಲಿನವರಿಂದ; ಕೈಯಲ್ಲಿ ಅವರಿಗೆ ಬೇಕಾದ ವಿದ್ಯೆ ಇತ್ತು; ಅವರ ಭಾಷೆಯನ್ನು ಕಲಿಯುವ ತಾಳ್ಮೆ ಇತ್ತು.

ಈ ಮೂರು ಅಂಗಗಳೂ ಇಲ್ಲದಿದ್ದರೆ ಏನಾಗುವುದೆಂಬುದನ್ನು ಇವಾನ್ ಇಲಿಚ್ ಎಂಬ ಪಾದ್ರಿಯು 1968ರ ಏಪ್ರಿಲಿನಲ್ಲಿ ಮೆಕ್ಸಿಕೋ ದೇಶದ ಕ್ವೆರ್ನಾವಾಕ ಪಟ್ಟಣದಲ್ಲಿ ಖಂಡತುಂಡವಾಗಿ ಹೇಳಿದನು. ಅವನ ಮುಂದಿದ್ದವರು ಬೇಸಗೆಯ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗರಿಗೆ ಸೇವೆಮಾಡಲು ಹೊರಟಿದ್ದ ಅಮೇರಿಕದ ವಿದ್ಯಾರ್ಥಿಗಳು. ಯಾತ್ರಿಕರಾಗಿ, ವಿದ್ಯಾರ್ಥಿಗಳಾಗಿ ಬರುವುದಾದರೆ ಬರಬಹುದು, ಉದ್ಧಾರಕರಾಗಿ ಮಾತ್ರ ಬರಕೂಡದೆಂಬುದು ಅವನ ವಾದದ ಸಾರ. ಮಾತು ಕಠೋರವಾಯಿತೆಂದು ನಮಗೂ ತೋರುತ್ತದೆ. ಸದ್ಭಾವದಿಂದ ಹೊರಟ ಎಳೆಯರನ್ನು ಅಷ್ಟು ಗದರಿಸಬೇಕಾಗಿರಲಿಲ್ಲ. ಆದರೆ ಸದ್ಭಾವವೊಂದೇ ಸಾಲದೆಂಬುದು ಸುಳ್ಳಲ್ಲ.

ಕಾಂಬೋಡಿಯಾದ ವಿಷಯವನ್ನೇ ನೋಡೋಣ. ಆ ದೇಶದ ಅನಾಥಾಲಯಗಳನ್ನು ಕುರಿತು ಅಲ್ಲಿನ ಸರ್ಕಾರವೂ ವಿಶ್ವಸಂಸ್ಥೆಯ ಯುನಿಸೆಫ್ ಶಾಖೆಯೂ ನಡೆಸಿದ ವಿಚಾರಣೆಯ ವರದಿಯು 2011ರಲ್ಲಿ ಪ್ರಕಟವಾಯಿತು. ಅನಾಥರೆಂದು ಸೇರಿಸಲ್ಪಟ್ಟಿದ್ದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಬಡತನದಿಂದಲೂ ಮಕ್ಕಳ ಓದಿನ ಆಸೆಯಿಂದಲೂ ತಾಯಿತಂದೆಗಳು ಅವರನ್ನು ಬಿಟ್ಟಿದ್ದರು. ಪರದೇಶದ ದಾನಿಗಳೂ ಸ್ವಯಂಸೇವಕರೂ ಹಣ ತಂದಷ್ಟೂ ಅಂತಹ ಆಲಯಗಳು ಹೆಚ್ಚಿದುವು. ಕನಿಕರವೇ ಬೇಡಿಕೆಯಾಗಿ, ಬೇಡಿಕೆಯು ಮಕ್ಕಳನ್ನು ತಾಯ ಮಡಿಲಿನಿಂದ ಸೆಳೆಯಿತೆಂದರೆ ಸೇವೆಯ ಫಲ ಎಷ್ಟು ವಿಪರೀತವಾಯಿತು! ಎಲ್ಲ ಆಲಯಗಳೂ ಹೀಗೆಂದು ನಾವು ಹೇಳೆವು. ಹಣ ಕಟ್ಟುವುದಕ್ಕೆ ಮೊದಲು ವಿಚಾರಿಸಬೇಕೆಂದು ಮಾತ್ರ ಹೇಳುವೆವು.

ಬಹುಕಾಲ ಪಾಠಶಾಲೆಯಲ್ಲಿ ಕಳೆದಿರುವ ನಮಗೆ ಇನ್ನೊಂದು ಅಂಶ ಹೊಳೆಯುತ್ತದೆ. ಕೊಳ್ಳೇಗಾಲದ ಸೀಮೆಯು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದುದು. ಈಗಲೂ ನಮ್ಮ ಶಾಲೆಗಳಲ್ಲಿ ಒಂದೇ ಹಲಗೆಯ ಮುಂದೆ ಮನೆಯಲ್ಲಿ ಕನ್ನಡವಾಡುವ ಮಗುವೂ, ತಮಿಳಾಡುವ ಮಗುವೂ, ಪೋಡಿನಿಂದ ಬಂದು ಸೋಲಿಗರ ನುಡಿಯನ್ನಾಡುವ ಮಗುವೂ ಕುಳಿತಿರುವುವು. ಹೊಸದಾಗಿ ಬಂದ ಉಪಾಧ್ಯಾಯನಿಗೆ ಯಾವ ಮಗು ಏಕೆ ಸುಮ್ಮನಿದೆಯೆಂದು ತಿಳಿಯಲು ಮೊದಲ ವರ್ಷವೇ ಸಾಲದು. ಈಗ ಪಾತ್ರಗಳನ್ನು ಅದಲುಬದಲು ಮಾಡಿ ನೋಡಿರಿ. ಯಾವುದೋ ದೇಶದ ಒಬ್ಬ ಹುಡುಗಿ ಕೌದಳ್ಳಿಯ ಶಾಲೆಗೆ ಬಂದು, ನಮ್ಮ ಮಕ್ಕಳ ಮಾತು ತಿಳಿಯದೆ, ಹದಿನೈದು ದಿನ ಹಾಡುಕುಣಿತಗಳೊಡನೆ ಇಂಗ್ಲಿಷನ್ನು ಕಲಿಸಿ, ಮಕ್ಕಳನ್ನು ಅಪ್ಪಿಕೊಂಡು ಚಿತ್ರ ತೆಗೆಯಿಸಿಕೊಂಡು ಹೊರಟುಹೋದಳೆಂದು ಭಾವಿಸೋಣ. ಮರುತಿಂಗಳು ಇನ್ನೊಬ್ಬಳು ಬಂದು ಅದೇ ಮೊದಲನೆಯ ಪಾಠವನ್ನು ಮತ್ತೆ ಆರಂಭಿಸಿದಳು. ಪ್ರತಿಯೊಬ್ಬಳನ್ನೂ ಅಕ್ಕಾ ಎಂದು ಹಚ್ಚಿಕೊಂಡ ಮಗು ಪ್ರತಿಸಲವೂ ಅಳುತ್ತ ನಿಂತಿತು. ನಾವು ನಮ್ಮ ಮಕ್ಕಳಿಗೆ ಇದನ್ನು ಒಪ್ಪುವೆವೆ? ಒಪ್ಪಲಾರೆವಾದರೆ ಕಾಂಬೋಡಿಯಾದ ತಾಯಿಯೂ ಒಪ್ಪಲಾರಳೆಂದೇ ತಿಳಿಯತಕ್ಕದ್ದು.

ಹುಡುಗಿಯ ವಾದದಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ಲೋಕವನ್ನು ನೋಡಬೇಕೆಂಬ ಆಸೆ ತಾರುಣ್ಯಕ್ಕೆ ಸಹಜವಾದುದು, ಶ್ಲಾಘ್ಯವಾದುದು; ಹೆಣ್ಣುಮಗಳಿಗೆ ಅದು ಸಲ್ಲದೆಂದು ಹೇಳುವವರ ಪಕ್ಷವು ನಮ್ಮದಲ್ಲ. ಕಾಂಬೋಡಿಯಾವಂತೂ ಸಂಸ್ಕೃತದ ಶಿಲಾಶಾಸನಗಳು ಹೇರಳವಾಗಿರುವ ದೇಶ. 12ನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗೆಂದು ಕಟ್ಟಿಸಿದ ಅಂಗ್‌ಕೋರ್ ವಾಟ್ ದೇವಾಲಯವನ್ನು ನೋಡಬೇಕೆಂದು ನಮಗೂ ಆಸೆಯುಂಟು. ಶಕ್ತಿಯುಳ್ಳವರು ಹೋಗಿ ನೋಡಲಿ, ಅಲ್ಲಿನ ಅಂಗಡಿಯಲ್ಲಿ ಉಂಡು, ಅಲ್ಲಿನವರಿಗೆ ನ್ಯಾಯವಾದ ಬೆಲೆ ಕೊಟ್ಟು ಬರಲಿ. ಅದು ಸತ್ಯವಾದ ಯಾತ್ರೆ. ಯಾತ್ರೆಗೆ ಸೇವೆಯೆಂಬ ಹೆಸರನ್ನು ತೊಡಿಸಿ, ಆ ಹೆಸರಿನ ಬಲದಿಂದ ಬಡ ತಾಯಿಯ ಬಳೆಯನ್ನು ಬಿಚ್ಚಿಸುವುದು ಮಾತ್ರ ನಮಗೆ ಸಮ್ಮತವಲ್ಲ.

ಆದುದರಿಂದ ಆ ತಂದೆಗೂ ಮಗಳಿಗೂ ನಾವು ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆವು. ಇಂತಹ ಸಂದರ್ಭವೊದಗಿದ ಗೃಹಸ್ಥರೆಲ್ಲರಿಗೂ ಉಪಯೋಗವಾಗಬಹುದೆಂದು ಇಲ್ಲಿಯೂ ಬರೆಯುವೆವು. ಒಂದು: ಈ ಸೇವೆಯನ್ನು ಬೇಡಿದವರು ಯಾರು? ಅಲ್ಲಿನ ಊರಿನವರೆ, ಇಲ್ಲಿನ ಸಂಸ್ಥೆಯವರೆ? ಎರಡು: ನಾವು ಕಟ್ಟುವ ಹಣದಲ್ಲಿ ಆ ಊರಿಗೆ ಸೇರುವ ಪಾಲೆಷ್ಟು? ಲೆಕ್ಕವನ್ನು ತೋರಿಸುವರೆ? ಮೂರು: ಹೋಗುವವರಿಗೆ ಆ ಕೆಲಸದ ತರಬೇತು ಇದೆಯೆ? ಅದೇ ಕೆಲಸವನ್ನು ಸಂಬಳಕ್ಕೆ ಮಾಡಬಲ್ಲ ಸ್ಥಳೀಯನೊಬ್ಬನ ಅನ್ನವನ್ನು ಇದು ಕಸಿಯುವುದಿಲ್ಲವೆ? ನಾಲ್ಕು: ಹೋದವರು ಹಿಂತಿರುಗಿದ ಮರುದಿನ ಆ ಕೆಲಸವನ್ನು ಮುಂದುವರಿಸುವವರು ಯಾರು? ಈ ನಾಲ್ಕಕ್ಕೂ ನೆಟ್ಟಗೆ ಉತ್ತರ ಕೊಡುವ ಏರ್ಪಾಡುಗಳು ಲೋಕದಲ್ಲಿ ಇಲ್ಲದೆ ಇಲ್ಲ. ಅಂತಹದಾದರೆ, ಮನೆಯ ಶಕ್ತಿಯನ್ನು ನೋಡಿಕೊಂಡು, ಸಂತೋಷವಾಗಿ ಕಳುಹಿಸಿಕೊಡಬಹುದು.

ಹುಡುಗಿಯು ಮೊದಲು ಮುಖವನ್ನು ಸಣ್ಣದು ಮಾಡಿಕೊಂಡರೂ ಪ್ರಶ್ನೆಗಳನ್ನು ತಾನೇ ಸಂಸ್ಥೆಗೆ ಬರೆದಳು. ತರಬೇತಿನ ವಿಷಯಕ್ಕೆ, ಹೊರಡುವ ಮುನ್ನ ಎರಡು ಗಂಟೆಗಳ ಉಪನ್ಯಾಸವಿದೆಯೆಂದು ಉತ್ತರ ಬಂದಿತು. ಹಣದ ವಿಷಯಕ್ಕೆ, ಅದು ಸಂಸ್ಥೆಯ ಒಳಗಿನ ವಿಷಯವೆಂದು ಬಂದಿತು. ಉಳಿದೆರಡಕ್ಕೆ ಉತ್ತರವಿಲ್ಲ, ಅದರ ಬದಲು, ಕೊನೆಯ ದಿನಾಂಕ ಸಮೀಪಿಸುತ್ತಿದೆಯೆಂಬ ಎಚ್ಚರಿಕೆ ಮಾತ್ರ ಎರಡು ಸಲ ಬಂದಿತು. ಆಕೆ ಬುದ್ಧಿವಂತೆ; ಹೆಚ್ಚು ಹೇಳಬೇಕಾಗಲಿಲ್ಲ. ಹಣ ಕಟ್ಟಲಿಲ್ಲ, ಬಳೆಗಳು ಕೈಯಲ್ಲಿಯೇ ಉಳಿದುವು. ಆದರೆ ಆಕೆಯ ಆಸೆಯು ಮುರಿದುದನ್ನು ಕಂಡು ತಂದೆಗೆ ಸಮಾಧಾನವಾಗಲಿಲ್ಲ, ನಮಗೂ ಆಗಲಿಲ್ಲ. ಬೇಡವೆಂದು ಹೇಳಿ ಕೈತೊಳೆದುಕೊಳ್ಳುವುದು ಹಿರಿಯರಿಗೆ ಸುಲಭ. ಅದಕ್ಕೆ ಬದಲಾಗಿ ಯಾವುದು ಬೇಕೆಂದು ತೋರಿಸುವುದು ಹಿರಿತನದ ಅರ್ಧ ಭಾಗ.

ಅದನ್ನು ತೋರಿಸುವುದಕ್ಕೆ ಬಹುದೂರ ಹೋಗಬೇಕಾಗಿಲ್ಲ. ಗಾಂಧೀಜಿಯವರ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರದ ವಿದ್ಯಾಮಂತ್ರಿಗಳಾಗಿದ್ದ ಡಾಕ್ಟರ್ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಆರಂಭಿಸಿದ ರಾಷ್ಟ್ರೀಯ ಸೇವಾಯೋಜನೆಯು, ಎನ್.ಎಸ್.ಎಸ್. ಎಂಬ ಹೆಸರಿನಿಂದ, ಕಾಲೇಜುಗಳಲ್ಲಿ ಈಗಲೂ ನಡೆಯುತ್ತಿದೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಕೆಲಸ, ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ಸೇರುವುದಕ್ಕೆ ಮನೆಯ ಒಡವೆಯನ್ನು ಅಡವಿಡಬೇಕಾಗಿಲ್ಲ. ಅದರಲ್ಲಿಯೂ ಕೊರತೆಗಳುಂಟು, ಕಸಗುಡಿಸಿ ಚಿತ್ರ ತೆಗೆಯಿಸಿಕೊಂಡು ಮುಗಿಸುವ ಶಿಬಿರಗಳನ್ನು ನಾವು ಕಂಡಿರುವೆವು. ಆದರೂ ಭಾಷೆ ತಿಳಿದಿರುವ ಜಾಗದಲ್ಲಿ ಸೇವೆಯನ್ನು ಕಲಿಯುವುದು ಸುಲಭ, ಆದ ತಪ್ಪನ್ನು ಮಾರನೆಯ ವಾರ ಮತ್ತೆ ಹೋಗಿ ತಿದ್ದಿಕೊಳ್ಳುವುದು ಸಾಧ್ಯ.

ಈ ದಾರಿಯ ಜನಕ್ಕೆ ಸೇವೆಯೆಂದರೇನೆಂದು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶಿವರಾತ್ರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಪರಸೆಯವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರು ಮೊದಲು ಕೇಳುವ ಮಾತು, “ಏನು ಬೇಕಪ್ಪಾ, ನೀರೋ ಮಜ್ಜಿಗೆಯೋ?” ಎಂಬುದು. ಕೊಡುವುದಕ್ಕೆ ಮೊದಲು ಕೇಳುವರು. ಶುಶ್ರೂಷೆಯ ವ್ಯುತ್ಪತ್ತಿಯನ್ನು ಓದದೆಯೇ ಅದರ ಅರ್ಥವನ್ನು ಆಚರಿಸುವವರು ಅವರು.

ಹುಡುಗಿಯು ಈ ರಜೆಯಲ್ಲಿ ಬೆಟ್ಟದ ಒಂದು ಪೋಡಿಗೆ ಭಾನುವಾರಗಳಲ್ಲಿ ಹೋಗಿಬರುತ್ತಿರುವಳು. ಮಕ್ಕಳಿಗೆ ಇಂಗ್ಲಿಷು ಹೇಳಿಕೊಡುವೆನೆಂದು ಹೋದವಳಿಗೆ ಅಲ್ಲಿನ ತಾಯಂದಿರು, ಅದು ಇರಲಿ, ಜಾತಿ ಪ್ರಮಾಣಪತ್ರದ ಅರ್ಜಿಯನ್ನು ಬರೆದುಕೊಡೆಂದು ಕೇಳಿದರಂತೆ. ಮೊದಲ ದಿನ ಆಕೆಗೆ ಇದು ಸಪ್ಪೆಯೆನಿಸಿತು. ಈಗ ಅರ್ಜಿ ಬರೆಯುವುದನ್ನು ಆ ಪೋಡಿನ ಇಬ್ಬರು ಹುಡುಗಿಯರಿಗೆ ಕಲಿಸುತ್ತಿರುವಳು. ಅವರಿಂದ ಕಾಡಿನ ಸೊಪ್ಪುಗಳ ಹೆಸರುಗಳನ್ನು ಕಲಿತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವಳು. ಪರದೇಶದ ಆಸೆಯನ್ನು ಆಕೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಮುಂದೆ ಒಂದು ವಿದ್ಯೆಯನ್ನು ಕೈವಶಮಾಡಿಕೊಂಡು, ಬೇಕೆಂದು ಕರೆದವರ ಬಳಿಗೆ, ಅವರ ಮಾತನ್ನು ಕಲಿಯುವಷ್ಟು ದಿನ ಉಳಿಯುವ ಸಂಕಲ್ಪದಿಂದ ಹೋಗುವುದಾದರೆ, ಅರಿಸಿನದ ಹಣವನ್ನು ಅದಕ್ಕೆ ಸುರಿಯಲು ತಂದೆಯು ಸಿದ್ಧರಾಗಿರುವರು. ಮಕ್ಕಳು ಸೇವೆಗೆಂದು ಹೊರಟು ನಿಂತಾಗ ಗೃಹಸ್ಥರು ಅವರನ್ನು ತಡೆಯುವುದಕ್ಕೂ ಆತುರದಿಂದ ಕಳುಹಿಸುವುದಕ್ಕೂ ಮೊದಲು, ಯಾರ ಮಾತನ್ನು ಕೇಳಿ ಹೊರಟೆಯಮ್ಮಾ ಎಂದು ಒಂದು ಸಲ ಪ್ರೀತಿಯಿಂದ ವಿಚಾರಿಸಲಿ. ಇಷ್ಟನ್ನು ವಾಚಕರಲ್ಲಿ ಅರಿಕೆಮಾಡಿ ಈ ತಿಂಗಳಿಗೆ ವಿರಮಿಸುವೆವು.